ದಿನಾ ಮ್ಯಾಚ್ ಆಡಿದ್ರೆ ಪ್ರಾಕ್ಟೀಸ್ ಆಯ್ತಾ? ಹುಡುಗರ ಕಬಡ್ಡಿ ತಂಡಕ್ಕೆ ಒಂದು ಗಂಟೆಯ ಲೆಕ್ಕ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ



ನಮ್ಮ ಹಾವೇರಿ ಜಿಲ್ಲೆಯ ಯಾವುದೇ ಊರಿಗೆ ಸಂಜೆ ಐದರ ಹೊತ್ತಿಗೆ ಹೋಗಿ. ಶಾಲೆ ಮೈದಾನದಲ್ಲೋ ಗುಡಿ ಮುಂದಿನ ಬಯಲಿನಲ್ಲೋ ಹುಡುಗರು ಕಬಡ್ಡಿ ಆಡ್ತಿರ್ತಾರೆ. ಎರಡು ತಂಡ ಮಾಡ್ತಾರೆ, ಗೆರೆ ಎಳೀತಾರೆ, ಮ್ಯಾಚ್ ಶುರು. ಕತ್ತಲಾದ್ರೆ ಮ್ಯಾಚ್ ಮುಗೀತು. "ಪ್ರಾಕ್ಟೀಸ್ ಮಾಡಿದ್ರೇನ್ರಪಾ?" ಅಂತ ಕೇಳಿದ್ರೆ, "ಹೂನ್ರಿ ಅಣ್ಣಾ, ಎರಡ ಮ್ಯಾಚ್ ಆಡಿದ್ವಿ" ಅಂತಾರೆ.

ನಾನೂ ಹಾಗೇ ಆಡಿದವನು. ಇವತ್ತಿನ ಸಂಚಿಕೆ ಇಷ್ಟೇ: ಮ್ಯಾಚ್ ಆಡೋದು ಬೇರೆ, ಪ್ರಾಕ್ಟೀಸ್ ಮಾಡೋದು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ನಷ್ಟ ಆಗೋದು ಅಂಕಗಳದ್ದು ಮಾತ್ರ ಅಲ್ಲ, ಮೊಣಕಾಲಿನದ್ದೂ ಹೌದು.

ನನ್ನ ಮೊಣಕಾಲಿನ ಕಥೆ

ಬಿ.ಕಾಂ ಎರಡನೇ ವರ್ಷ. ಕಾಲೇಜು ತಂಡದಲ್ಲಿ ನಾನು ರೇಡರ್. ಒಂದು ಟೂರ್ನಿಯಲ್ಲಿ ಡಿಫೆಂಡರ್ ಮೇಲೆ ಹಾರಿ ಮಧ್ಯದ ಗೆರೆ ಮುಟ್ಟೋಕೆ ಹೋದೆ. ಕಾಲು ನೇರವಾಗಿ ನೆಲಕ್ಕೆ ಬಿತ್ತು, ದೇಹ ಒಂದು ಕಡೆ, ಮೊಣಕಾಲು ಇನ್ನೊಂದು ಕಡೆ ತಿರುಗಿತು. 'ಟಪ್' ಅಂತ ಸದ್ದು ನನಗೇ ಕೇಳಿಸ್ತು. ಎಲ್ಲರೂ "ಏನಾಗಿಲ್ಲ, ಏಳಲೇ" ಅಂದ್ರು. ನಾನೂ ಎದ್ದೆ. ಇನ್ನೂ ಎರಡು ರೇಡ್ ಮಾಡಿದೆ. ರಾತ್ರಿ ಹೊತ್ತಿಗೆ ಮೊಣಕಾಲು ತೆಂಗಿನಕಾಯಿ ಆಗಿತ್ತು.

ಎಸಿಎಲ್ ಅನ್ನೋ ಲಿಗಮೆಂಟ್ ಹರಿದಿತ್ತು. ತೊಡೆ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ ಹಗ್ಗದ ಥರ ಇರೋದು ಅದು. ಓಡುವಾಗ ತಟ್ಟನೆ ನಿಂತು ತಿರುಗಿದಾಗ ಮೊಣಕಾಲು ಜಾರದ ಹಾಗೆ ಹಿಡಿಯೋದು ಅದೇ. ಆಪರೇಷನ್ ಆಯ್ತು. ಆ ವರ್ಷದ ಗೋವಿನಜೋಳದ ದುಡ್ಡು ಅಲ್ಲಿಗೇ ಹೋಯ್ತು. ಅಪ್ಪ ಒಂದು ಮಾತೂ ಬೈಲಿಲ್ಲ, ಅದೇ ಜಾಸ್ತಿ ನೋವಾಗಿದ್ದು. ಮತ್ತೆ ನಾನು ತಂಡಕ್ಕೆ ಆಡಲಿಲ್ಲ.

ಯಾರನ್ನೂ ದೂರೋಕೆ ಇದನ್ನ ಹೇಳ್ತಿಲ್ಲ. ಒಂದೇ ಒಂದು ಪ್ರಶ್ನೆ: ಎಂಟು ವರ್ಷ ಕಬಡ್ಡಿ ಆಡಿದ ನನಗೆ, ಹಾರಿದ ಮೇಲೆ ನೆಲಕ್ಕೆ ಇಳಿಯೋದು ಹೇಗೆ ಅಂತ ಒಂದು ದಿನವಾದ್ರೂ ಯಾರಾದ್ರೂ ಕಲಿಸಿದ್ರಾ? ಇಲ್ಲ. ನಾನೂ ಕೇಳಲಿಲ್ಲ. ನಾವು ದಿನಾ ಮ್ಯಾಚ್ ಆಡ್ತಿದ್ವಿ ಅಷ್ಟೇ.

ಈಗ ಎರಡು ವರ್ಷದಿಂದ ಶಿಗ್ಗಾಂವಿಯಲ್ಲಿ ಒಂದು ಹುಡುಗರ ತಂಡದ ಜೊತೆ ಸಂಜೆ ನಿಲ್ತೀನಿ. ನಾನು ಕೋಚ್ ಅಲ್ಲ, ಪಿಟಿ ಸರ್‌ಗೆ ಸಹಾಯ ಮಾಡ್ತೀನಿ. ಈ ಸಂಚಿಕೆಗಾಗಿ ಬೈಕ್ ತಗೊಂಡು ಸವಣೂರು, ಹಾನಗಲ್, ಹಿರೇಕೆರೂರಿನ ಮೈದಾನಗಳಿಗೂ ಹೋಗಿ ಬಂದೆ. ಅಲ್ಲಿ ನೋಡಿದ್ದು, ಇಲ್ಲಿ ಮಾಡಿ ನೋಡಿದ್ದು, ಎರಡನ್ನೂ ಸೇರಿಸಿ ಹೇಳ್ತೀನಿ.

ಶಿಗ್ಗಾಂವಿ: ಮೊದಲು ಲೆಕ್ಕ ಹಾಕೋಣ

ಕಾಮರ್ಸ್ ಓದಿದವನಿಗೆ ಚಟ ಇರುತ್ತಲ್ಲ, ಲೆಕ್ಕ ಬರೆಯೋದು. ಒಂದು ಸಂಜೆ ನೋಟ್‌ಬುಕ್ ಹಿಡಿದು ಕೂತೆ.

16 ವರ್ಷದೊಳಗಿನ ಸಬ್ ಜೂನಿಯರ್ ಮಕ್ಕಳಿಗೆ ಪಂದ್ಯ 15 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ವಿರಾಮ. ಅಂದ್ರೆ 30 ನಿಮಿಷ ಆಟ. ಒಂದು ರೇಡ್‌ಗೆ 30 ಸೆಕೆಂಡ್. ಎಲ್ಲ ರೇಡ್ ಪೂರ್ತಿ ಸಮಯ ತಗೊಂಡ್ರೆ 60 ರೇಡ್, ಒಂದು ತಂಡಕ್ಕೆ 30. ಏಳು ಜನಕ್ಕೆ ಹಂಚಿದ್ರೆ ತಲಾ ನಾಲ್ಕು ಚಿಲ್ಲರೆ.

ಆದ್ರೆ ಯಾರು ಸಮನಾಗಿ ಹಂಚ್ತಾರೆ ಹೇಳಿ? ಆ ಸಂಜೆ ಇಬ್ಬರು ಜೋರಿನ ಹುಡುಗರೇ ಮುಕ್ಕಾಲು ಪಾಲು ರೇಡ್ ಮಾಡಿದ್ರು. ಇಬ್ಬರಿಗೆ ಒಂದೂ ಸಿಗಲಿಲ್ಲ. ಒಬ್ಬ ಮೊದಲ ನಿಮಿಷದಲ್ಲೇ ಔಟ್ ಆಗಿ, ತುಂಬಾ ಹೊತ್ತು ಹೊರಗೆ ಕೂತು ಮಣ್ಣಿನಲ್ಲಿ ಗೆರೆ ಎಳೀತಿದ್ದ. ಕಲಿಯಬೇಕಾದವನು ಹೊರಗೆ, ಕಲಿತವನು ಒಳಗೆ. ಇದು ನಮ್ಮ ಪ್ರಾಕ್ಟೀಸಿನ ಬ್ಯಾಲೆನ್ಸ್ ಶೀಟ್!

ಇದಕ್ಕೆ ಪರಿಹಾರ ಚಿಕ್ಕ ಚೌಕ. ಸುಣ್ಣದ ಪುಡಿಯಿಂದ ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕ ಎಳೀರಿ. ಸುಣ್ಣ ಇಲ್ಲದಿದ್ದರೆ ಮೂಲೆಗೆ ಚಪ್ಪಲಿ ಇಡಿ, ಕಲ್ಲು ಮಾತ್ರ ಬೇಡ. ಚೌಕ ಚೌಕದ ನಡುವೆ ಎರಡು ಮೀಟರ್ ಬಿಡಿ. ಒಂದೊಂದರಲ್ಲಿ ನಾಲ್ಕು ಜನ: ಒಬ್ಬ ರೇಡರ್, ಮೂವರು ಡಿಫೆಂಡರ್. 30 ಸೆಕೆಂಡ್ ರೇಡ್, 30 ಸೆಕೆಂಡ್ ಬದಲಾವಣೆ. ಯಾರೂ ಔಟ್ ಆಗಿ ಹೊರಗೆ ಕೂರೋ ಹಾಗಿಲ್ಲ. 12 ನಿಮಿಷದಲ್ಲಿ ಪ್ರತಿಯೊಬ್ಬನಿಗೂ 3 ರೇಡ್, 9 ಸಲ ಡಿಫೆನ್ಸ್. ಸುಮ್ಮನೆ ಕೂತವನು ಸೊನ್ನೆ.

ಮೂವರನ್ನೇ ಇಡೋಕೆ ಕಾರಣ ಇದೆ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ರೇಡರ್‌ನ ಹಿಡಿದ್ರೆ ಸೂಪರ್ ಟ್ಯಾಕಲ್, ಎರಡು ಅಂಕ. ಸೋಲ್ತಿರೋ ತಂಡ ತಿರುಗಿ ನಿಲ್ಲೋದು ಅಲ್ಲಿಂದಲೇ. ದಿನಾ ಮೂವರೇ ಹಿಡಿದು ಅಭ್ಯಾಸ ಆದವರು ಪಂದ್ಯದಲ್ಲಿ ಮೂವರೇ ಉಳಿದಾಗ ಗಾಬರಿ ಆಗಲ್ಲ.

ಜಾಗ ಚಿಕ್ಕದು ಮಾಡಿ ಕಲಿಸೋದು ನಮ್ಮೊಬ್ಬರ ಉಪಾಯ ಏನಲ್ಲ. ಕೆನಡಾದಲ್ಲಿ ಬಾಕ್ಸ್ ಲಕ್ರಾಸ್ ಅಂತ ಒಂದು ಆಟ ಇದೆ. ಕೋಲಿನ ತುದಿಯ ಬಲೆಯಲ್ಲಿ ಚೆಂಡು ಹಿಡಿದು ಎಸೆಯೋ ಆಟ. ಐಸ್ ಹಾಕಿ ಆಡೋ ಅಂಗಳದಲ್ಲಿ ಬೇಸಿಗೆಗೆ ಐಸ್ ತೆಗೆದು, ಗೋಡೆಗಳ ನಡುವೆಯೇ ಆಡ್ತಾರೆ. ಅಲ್ಲೂ 30 ಸೆಕೆಂಡಿನೊಳಗೆ ಗೋಲಿಗೆ ಎಸೆಯಬೇಕು. ಜಾಗ ಕಡಿಮೆ, ಸಮಯ ಕಡಿಮೆ ಅಂದಾಗ ಪ್ರತಿಯೊಬ್ಬನ ಕೈಗೂ ಚೆಂಡು ಮತ್ತೆ ಮತ್ತೆ ಬರುತ್ತೆ, ತೀರ್ಮಾನ ಬೇಗ ತಗೋಬೇಕಾಗುತ್ತೆ. ನಮ್ಮ 30 ಸೆಕೆಂಡಿನ ರೇಡ್‌ನ ತರ್ಕವೂ ಅದೇ ಅಲ್ವಾ?

ಹಾನಗಲ್: ಬೀಳೋದನ್ನ ಕಲಿಯೋದು

ಹಾನಗಲ್ ಕಡೆ ಮಳೆ ಜಾಸ್ತಿ, ಸುತ್ತ ಭತ್ತದ ಗದ್ದೆ. ನಾನು ಹೋದ ದಿನ ಮೈದಾನ ಕೆಸರಾಗಿತ್ತು. ರಜೆ ಅಂದ್ಕೊಂಡೆ. ಅಲ್ಲಿನ ಹಿರಿಯ ಆಟಗಾರರೊಬ್ಬರು ಶಾಲೆಯ ಪಡಸಾಲೆಯಲ್ಲಿ ಭತ್ತದ ಹುಲ್ಲು ದಪ್ಪಗೆ ಹರವಿ, ಮೇಲೆ ತಾಡಪತ್ರಿ ಬಿಗಿದು, ಹುಡುಗರನ್ನ ಸಾಲಾಗಿ ನಿಲ್ಲಿಸಿದ್ರು. "ಇವತ್ತ ಬರೇ ಬೀಳೂದು" ಅಂದ್ರು. ನನಗೆ ಹೊಟ್ಟೆಯಲ್ಲಿ ಏನೋ ಆಯ್ತು. ಇಷ್ಟೇ ಬೇಕಿತ್ತಲ್ಲ ನನಗೆ ಅವತ್ತು.

ಅವರು ಹೇಳಿಕೊಟ್ಟ ಕ್ರಮ ಇದು:

1. ಎರಡೂ ಕಾಲಲ್ಲಿ ಹಾರಿ, ಎರಡೂ ಕಾಲಲ್ಲಿ ಇಳಿಯೋದು. ಮೊಣಕಾಲು ಬಾಗಿರಬೇಕು, ಪಾದದ ಬೆರಳಿನ ದಿಕ್ಕಿಗೇ ಇರಬೇಕು, ಒಳಗೆ ವಾಲಬಾರದು. ಇಳಿದಾಗ ಸದ್ದು ಬಂತು ಅಂದ್ರೆ ತಪ್ಪು. ಬೆಕ್ಕು ಇಳಿದ ಹಾಗೆ ಇಳಿಯಬೇಕು.

2. ಆಮೇಲೆ ಒಂದೇ ಕಾಲಲ್ಲಿ. ಇಳಿದು ಮೂರು ಎಣಿಸೋ ತನಕ ಅಲ್ಲಾಡದೆ ನಿಲ್ಲಬೇಕು.

3. ಪಕ್ಕಕ್ಕೆ ಬೀಳೋದು. ಗದ್ದ ಎದೆಗೆ ಒತ್ತಿರಬೇಕು, ತಲೆ ನೆಲಕ್ಕೆ ಬಡಿಯಬಾರದು. ಕೈ ನೇರ ಚಾಚಿ ಊರಬಾರದು, ಮಣಿಕಟ್ಟು ಮುರಿಯೋದು ಹಾಗೇ. ಭುಜದ ಮೇಲಿಂದ ಉರುಳಿ ಏಳಬೇಕು.

4. ಕೊನೆಗೆ, ಗೆಳೆಯ ಮೆಲ್ಲಗೆ ಸೊಂಟ ತಳ್ಳಿದಾಗ ಇದೇ ರೀತಿ ಬೀಳೋದು. ಯಾವಾಗ ತಳ್ತಾನೆ ಅಂತ ಗೊತ್ತಿರಬಾರದು.

ಹತ್ತು ನಿಮಿಷದ ಕೆಲಸ, ವಾರಕ್ಕೆ ಎರಡು ಸಲ. ಫುಟ್‌ಬಾಲ್‌ನಲ್ಲಿ ಇದೇ ಯೋಚನೆಯ ಮೇಲೆ 'ಫಿಫಾ 11+' ಅನ್ನೋ ವಾರ್ಮ್ ಅಪ್ ಇದೆ. ಓಟ, ಒಂದು ಕಾಲಿನ ಬ್ಯಾಲೆನ್ಸ್, ಹಾರಿ ಇಳಿಯೋದು, ತೊಡೆ ಮತ್ತು ಹೊಟ್ಟೆಯ ಸ್ನಾಯುಗಳ ವ್ಯಾಯಾಮ, ಎಲ್ಲ ಸೇರಿ ಸುಮಾರು 20 ನಿಮಿಷ. ತಪ್ಪದೆ ಮಾಡಿದ ಯುವ ತಂಡಗಳಲ್ಲಿ ಗಾಯ ಕಡಿಮೆಯಾಗಿದ್ದನ್ನ ಅಧ್ಯಯನಗಳು ತೋರಿಸಿವೆ. ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತೆ. ನಾವು ಅದರಲ್ಲಿ ಕೆಲವನ್ನಷ್ಟೇ ತಗೊಂಡು 12 ನಿಮಿಷ ಮಾಡ್ತೀವಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ತಲೆಗೆ ಪೆಟ್ಟು ಬಿದ್ದು ಹುಡುಗ ತಬ್ಬಿಬ್ಬಾದ್ರೆ, ವಾಂತಿ ಬಂದ್ರೆ, ತಲೆ ಸುತ್ತಿದ್ರೆ ಆ ದಿನ ಆಟ ಮುಗೀತು, ಡಾಕ್ಟರ್ ಹತ್ರ ಹೋಗ್ಬೇಕು. ಮೊಣಕಾಲಲ್ಲಿ 'ಟಪ್' ಅಂದ್ರೂ ಅಷ್ಟೇ. "ಏನಾಗಿಲ್ಲ, ಏಳಲೇ" ಅನ್ನೋ ಮಾತನ್ನ ಮೈದಾನದಿಂದ ಹೊರಗೆ ಹಾಕಿ.

ರೇಡ್ ಕಲಿಸೋ ಮೂರು ಡ್ರಿಲ್

ಮೊದಲನೆಯದು ಉಸಿರು. ರೇಡರ್ ಮಧ್ಯದ ಗೆರೆ ದಾಟೋ ಮೊದಲೇ 'ಕಬಡ್ಡಿ ಕಬಡ್ಡಿ' ಶುರು ಮಾಡ್ಬೇಕು, ವಾಪಸ್ ಬರೋ ತನಕ ಬಿಡಬಾರದು. ಬಿಟ್ರೆ ಎದುರಾಳಿಗೆ ಅಂಕ. ಫೋನಿನಲ್ಲಿ 30 ಸೆಕೆಂಡ್ ಟೈಮರ್ ಇಡಿ. ಹುಡುಗರು ಜೋರಾಗಿ ಅನ್ನುತ್ತಾ ಬಾಕ್ ಲೈನ್ ದಾಟಿ, ಎಡಕ್ಕೆ ಬಲಕ್ಕೆ ಸರಿದು, ವಾಪಸ್ ಬರಲಿ. ಎದುರಿಗೆ ಯಾರೂ ಬೇಡ. ಮೊದಲ ವಾರ ಬಹಳಷ್ಟು ಜನ 20 ಸೆಕೆಂಡಿಗೇ ಏದುಸಿರು ಬಿಡ್ತಾರೆ. ಬಾಕ್ ಲೈನ್ ಯಾಕಂದ್ರೆ, ಯಾರನ್ನೂ ಮುಟ್ಟದೆ, ಆ ಗೆರೆನೂ ದಾಟದೆ ಬಂದ್ರೆ ರೇಡರ್ ಔಟ್. ಪಂದ್ಯದ ಗಡಿಬಿಡಿಯಲ್ಲಿ ಮಕ್ಕಳು ಮರೆಯೋದು ಇದನ್ನೇ.

ಎರಡನೆಯದು ನೆರಳಾಟ. ಇಬ್ಬರು ಎದುರುಬದುರು, ನಡುವೆ ಎರಡು ಹೆಜ್ಜೆ. ಒಬ್ಬ ಸರಿದ ಕಡೆಗೆ ಇನ್ನೊಬ್ಬ ನೆರಳಿನ ಹಾಗೆ ಸರಿಯಬೇಕು. ಕಾಲು ಅಡ್ಡ ಹಾಕಬಾರದು, ಜಾರಿಸಬೇಕು. ನೋಡೋದು ಎದುರಿನವನ ಕಣ್ಣನ್ನಲ್ಲ, ಸೊಂಟವನ್ನ. ಕಣ್ಣು, ಕೈ ಮೋಸ ಮಾಡ್ತವೆ, ಸೊಂಟ ಮಾಡಲ್ಲ. 15 ಸೆಕೆಂಡ್ ಆಟ, 15 ಸೆಕೆಂಡ್ ವಿಶ್ರಾಂತಿ, ಎಂಟು ಸಲ.

ಮೂರನೆಯದು ಬಾಲ ಕೀಳೋದು. ಎಲ್ಲರ ಸೊಂಟದ ಹಿಂದೆ ಒಂದು ಬಟ್ಟೆ ತುಂಡು ಸಿಕ್ಕಿಸಿ. ಚೌಕದೊಳಗೆ ತನ್ನದನ್ನ ಉಳಿಸಿಕೊಂಡು ಬೇರೆಯವರದ್ದನ್ನ ಕೀಳಬೇಕು. ನಮ್ಮ ಹೋರಿ ಹಬ್ಬದಲ್ಲಿ ಓಡೋ ಹೋರಿಯ ಕೊರಳಿನ ಕೊಬ್ಬರಿ ಹರಿಯೋರನ್ನ ನೋಡಿರ್ತೀರಲ್ಲ? ಯಾವಾಗ ನುಗ್ಗಬೇಕು, ಯಾವಾಗ ಪಕ್ಕಕ್ಕೆ ಸರಿಯಬೇಕು ಅನ್ನೋ ಅಂದಾಜು ಇದ್ದವರೇ ಗೆಲ್ಲೋದು. ಹ್ಯಾಂಡ್ ಟಚ್‌ನ ಗುಟ್ಟೂ ಅದೇ. ಹೋರಿ ಮುಂದೆ ಮಕ್ಕಳನ್ನ ನಿಲ್ಲಿಸಬೇಡಿ ಮತ್ತೆ, ಬಟ್ಟೆ ತುಂಡು ಸಾಕು!

ಹಿಡಿಯೋದು: ಫಸ್ಟ್ ಗೇರ್‌ನಿಂದ ಶುರು

ಹಿಡಿತ ಕಲಿಸುವಾಗ ಮೂರು ಗೇರ್ ಇಟ್ಟುಕೊಂಡಿದೀವಿ. ಫಸ್ಟ್ ಗೇರ್ ಅಂದ್ರೆ ನಡಿಗೆ. ರೇಡರ್ ನಡ್ಕೊಂಡು ಬರ್ತಾನೆ, ಕಾರ್ನರ್‌ನಲ್ಲಿರೋನು ಕೂತ ಭಂಗಿಯಿಂದ ಹಿಮ್ಮಡಿ ಮೇಲಿನ ಗಂಟನ್ನ ಎರಡೂ ಕೈಯಲ್ಲಿ ಹಿಡೀತಾನೆ, ಬಿಡ್ತಾನೆ. ಹತ್ತು ಸಲ. ಸೆಕೆಂಡ್ ಗೇರ್ ಅರ್ಧ ವೇಗ. ಪೂರ್ತಿ ವೇಗ ಆಮೇಲೆ, ಅದೂ ಮೆತ್ತನೆ ನೆಲದಲ್ಲಿ ಮಾತ್ರ.

ನೋಡಬೇಕಾದ್ದು ಒಂದೇ: ಹಿಡಿಯುವವನ ತಲೆ ಎಲ್ಲಿದೆ? ತಲೆ ರೇಡರ್‌ನ ಮೊಣಕಾಲಿನ ಎದುರಿಗೆ ಬರಬಾರದು, ಪಕ್ಕದಲ್ಲಿರಬೇಕು. ಕಣ್ಣು ತೆರೆದಿರಬೇಕು. ಇದು ಸರಿ ಇಲ್ಲದಿದ್ದರೆ ಗೇರ್ ಏರಿಸಬೇಡಿ.

ನಂತರ ಚೈನ್. ಕಾರ್ನರ್ ಮತ್ತು ಪಕ್ಕದವನು ಕೈ ಹಿಡಿದು ನಿಂತು, ರೇಡರ್ ಸರಿದ ಹಾಗೆ ಒಟ್ಟಿಗೆ ಸರಿಯೋದು. ಐದು ನಿಮಿಷ ಹಿಡಿಯೋದೇ ಬೇಡ, ಬರೀ ಸರಿಯೋದು. ಒಬ್ಬ ಮುಂದೆ, ಒಬ್ಬ ಹಿಂದೆ ಆದ್ರೆ ಆ ಸಂದಿಯಲ್ಲೇ ರೇಡರ್ ನುಗ್ಗೋದು. ಮಾತಾಡ್ತಾ ಆಡೋಕೆ ಹೇಳಿ: "ಬಂದ", "ಬಿಡು", "ಈಗ". ಮೌನವಾಗಿರೋ ಡಿಫೆನ್ಸ್ ಅರ್ಧ ಸೋತ ಹಾಗೆ.

ನಿಯಮವನ್ನೂ ಮೊದಲ ದಿನವೇ ಹೇಳಿ. ಹಿಡಿಯಬೇಕಾದ್ದು ಮೈ, ಕೈ, ಕಾಲು. ಬಟ್ಟೆ, ಕೂದಲು ಎಳೆಯೋದು, ಬಾಯಿ ಮುಚ್ಚಿ ಉಸಿರು ಕಟ್ಟಿಸೋದು, ಎರಡು ಕಾಲಿನ ನಡುವೆ ಕತ್ತರಿ ಹಾಕಿ ಹಿಡಿಯೋದು ಎಲ್ಲ ಫೌಲ್.

ಸವಣೂರು: ತೂಕದ ಯಂತ್ರ

ಸವಣೂರಿನಲ್ಲಿ ಪ್ರಾಕ್ಟೀಸ್ ನೋಡ್ತಾ ನಿಂತಿದ್ದೆ. ಒಬ್ಬ ಹುಡುಗ, ಒಳ್ಳೆ ರೇಡರ್, ನೆರಳಾಟದಲ್ಲೇ ತಲೆ ಹಿಡ್ಕೊಂಡು ಕೂತ. ನೀರು ಕೊಟ್ರೆ ಬೇಡ ಅಂದ. "ಅಣ್ಣಾ, ಒಂದೂವರಿ ಕೆಜಿ ಹೆಚ್ಚೈತ್ರಿ. ನಾಳೆ ತೂಕ ಐತಿ. ಮುಂಜಾನಿಂದ ಏನೂ ತಿಂದಿಲ್ಲ, ನೀರೂ ಕುಡದಿಲ್ಲ."

ಸಬ್ ಜೂನಿಯರ್‌ಗೆ ತೂಕದ ಮಿತಿ ಇದೆ. ಬೆಳೆಯೋ ವಯಸ್ಸಿನ ಮಕ್ಕಳು ಈ ಅಂಕಿಗಾಗಿ ಏನೇನೋ ಮಾಡ್ತಾರೆ. ನೀರು ಬಿಟ್ಟು ಇಳಿಯೋ ತೂಕ ಕೊಬ್ಬಿನದ್ದಲ್ಲ, ಮೈಯಲ್ಲಿರೋ ನೀರಿನದ್ದು. ಸ್ನಾಯು ಹಿಡ್ಕೊಳ್ಳುತ್ತೆ, ತಲೆ ಸುತ್ತುತ್ತೆ, ಬಿಸಿಲಿನಲ್ಲಿ ಜೀವಕ್ಕೇ ಅಪಾಯ. ಕಾಲು ತಡವಾಗಿ ಸರಿದಾಗ್ಲೇ ಗಾಯ ಆಗೋದು.

ಅವತ್ತು ಅಲ್ಲಿನ ಸರ್ ಮಾಡಿದ್ದು ನನಗೆ ಇಷ್ಟ ಆಯ್ತು. ಅವನನ್ನ ಬೈಲಿಲ್ಲ. ನೀರು ಕುಡಿಸಿ, ಬಾಳೆಹಣ್ಣು ತಿನ್ನಿಸಿ, "ನೀ ಈ ಸಲ ಜೂನಿಯರ್‌ದಾಗ ಆಡು. ನೀ ಎತ್ತರ ಬೆಳ್ಯಾಕತ್ತೀ, ಅದು ತಪ್ಪಲ್ಲಪಾ" ಅಂದ್ರು. ಹುಡುಗನ ಕಣ್ಣಲ್ಲಿ ನೀರು. ಜೂನಿಯರ್ ತಂಡದಲ್ಲಿ ಮೊದಲ ಏಳರಲ್ಲಿ ಜಾಗ ಸಿಗಲ್ಲ ಅಂತ ಅವನಿಗೂ ಗೊತ್ತು, ಸರ್‌ಗೂ ಗೊತ್ತು. ಆದ್ರೂ ಅದೇ ಸರಿ.

ನಾವು ಈಗ ಪ್ರತಿ ಸೋಮವಾರ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡ್ತೀವಿ. ಎರಡು ತಿಂಗಳ ಮೊದಲೇ ಯಾರು ಯಾವ ವಿಭಾಗ ಅಂತ ತೀರ್ಮಾನ. ಊಟ ಬಿಡೋ ಮಾತೇ ಇಲ್ಲ. ರೊಟ್ಟಿ, ಬೇಳೆ, ಶೇಂಗಾ, ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ. ಇದಕ್ಕಿಂತ ದೊಡ್ಡ ಪ್ರೋಟೀನ್ ಡಬ್ಬಿ ಈ ವಯಸ್ಸಿಗೆ ಬೇಕಿಲ್ಲ.

ಹಿರೇಕೆರೂರು: ಹುಡುಗಿಯರಿಗೆ ಮೈದಾನ ಯಾವಾಗ?

ಹಿರೇಕೆರೂರಿನಲ್ಲಿ ಹುಡುಗಿಯರ ತಂಡ ನೋಡೋಕೆ ಅಂತಲೇ ಹೋದೆ. ಶಾಲೆ ಬಿಟ್ಟ ತಕ್ಷಣ ಮೈದಾನ ಹುಡುಗರದ್ದು. ಅವರ ಮ್ಯಾಚ್ ಮುಗಿಯೋ ಹೊತ್ತಿಗೆ ಹುಡುಗಿಯರ ಊರಿನ ಬಸ್ ಬಂದಿರುತ್ತೆ. ಒಬ್ಬ ಹುಡುಗಿ ನನಗೆ ಹೇಳಿದ್ಳು: "ನಾವು ದಿನಾ ಪ್ರಾಕ್ಟೀಸಿಗೆ ಬರ್ತೇವ್ರಿ. ನೋಡಿ ಹೋಗ್ತೇವಿ."

ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿದವರು. ಮಹಿಳಾ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಮೊದಲ ಸಲ ಸೇರಿದ್ದು 2010ರಲ್ಲಿ, ಆ ವರ್ಷವೂ 2014ರಲ್ಲೂ ಚಿನ್ನ ಭಾರತಕ್ಕೇ. ಅವರ ಹೆಸರು ಭಾಷಣದಲ್ಲಿ ಹೇಳ್ತೀವಿ, ಮೈದಾನ ಮಾತ್ರ ಬಿಟ್ಟುಕೊಡಲ್ಲ.

ಇಲ್ಲಿ ಚೌಕದ ಲೆಕ್ಕ ಮತ್ತೆ ಕೆಲಸಕ್ಕೆ ಬಂತು. ನಾಲ್ಕು ಚೌಕ ಎಳೆದ್ರೆ ಎರಡು ಹುಡುಗರಿಗೆ, ಎರಡು ಹುಡುಗಿಯರಿಗೆ. ಒಂದೇ ಹೊತ್ತು, ಒಂದೇ ಡ್ರಿಲ್. ಅಲ್ಲಿನ ಶಿಕ್ಷಕಿಯೊಬ್ಬರಿಗೆ ಹೇಳಿದೆ. ಮರುವಾರ ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೋದಲ್ಲಿ, 'ನೋಡಿ ಹೋಗ್ತೇವಿ' ಅಂದ ಅದೇ ಹುಡುಗಿ ಮೂವರ ನಡುವಿಂದ ನುಸುಳಿ ಗೆರೆ ಮುಟ್ಟಿದ್ಳು. ಹಿಂದೆ ಬಸ್ಸಿನ ಹಾರ್ನ್ ಕೇಳಿಸ್ತಿತ್ತು.

ಸ್ಕ್ರೀನ್‌ಶಾಟ್ ತಗೊಳ್ಳಿ: ಒಂದು ಗಂಟೆಯ ಯೋಜನೆ

12 ನಿಮಿಷ: ವಾರ್ಮ್ ಅಪ್, ಹಾರಿ ಇಳಿಯೋದು, ಒಂಟಿ ಕಾಲಿನ ಬ್ಯಾಲೆನ್ಸ್.
8 ನಿಮಿಷ: ಉಸಿರಿನ ರೇಡ್, ನೆರಳಾಟ. ಬಾಲ ಕೀಳೋದು ದಿನ ಬಿಟ್ಟು ದಿನ.
10 ನಿಮಿಷ: ಹಿಡಿತ ಮತ್ತು ಚೈನ್. ವಾರಕ್ಕೆ ಎರಡು ದಿನ ಇದರ ಬದಲು ಬೀಳೋ ಅಭ್ಯಾಸ.
3 ನಿಮಿಷ: ನೀರು. ಇದು ಐಚ್ಛಿಕ ಅಲ್ಲ.
12 ನಿಮಿಷ: ಚೌಕದಲ್ಲಿ ಮೂವರ ಎದುರು ಒಬ್ಬ.
10 ನಿಮಿಷ: ಪೂರ್ತಿ ಅಂಕಣದಲ್ಲಿ ಆಟ. ಒಂದೇ ಷರತ್ತು: ಒಬ್ಬನೇ ಸತತ ಎರಡು ರೇಡ್ ಮಾಡುವಂತಿಲ್ಲ.
5 ನಿಮಿಷ: ನಿಧಾನ ನಡಿಗೆ, ಸ್ಟ್ರೆಚಿಂಗ್, ಎಲ್ಲಿ ನೋವಿದೆ ಅಂತ ಒಬ್ಬೊಬ್ಬರನ್ನೇ ಕೇಳೋದು.

ಮ್ಯಾಚ್ ಪೂರ್ತಿ ಬಿಡಿ ಅಂತ ನಾನು ಹೇಳ್ತಿಲ್ಲ. ಮ್ಯಾಚ್ ಇಲ್ಲದಿದ್ದರೆ ಹುಡುಗರು ಬರೋದೇ ಇಲ್ಲ! ಮೊದಲ ತಿಂಗಳು ನಮ್ಮ ತಂಡದಲ್ಲಿ ನಾಲ್ಕು ಜನ ಬಿಟ್ಟೂ ಹೋದ್ರು. "ಬರೇ ಕುಣಿಸ್ತಾರ" ಅಂದ್ರು. ಇಬ್ಬರು ವಾಪಸ್ ಬಂದ್ರು, ಇಬ್ಬರು ಬರಲಿಲ್ಲ. ಶನಿವಾರ ಪೂರ್ತಿ ಮ್ಯಾಚ್ ಇಟ್ಟ ಮೇಲೆ ಗೊಣಗಾಟ ಕಡಿಮೆ ಆಯ್ತು.

ಹೋಬಳಿ ಕ್ರೀಡಾಕೂಟದಲ್ಲಿ ಗೆದ್ವಾ ಅಂತ ಕೇಳ್ತೀರಿ. ಗೆದ್ವಿ. ತಾಲ್ಲೂಕಿನಲ್ಲಿ ಸೋತ್ವಿ, ಮೂರು ಅಂಕದಿಂದ. ಆದ್ರೆ ಆ ಪಂದ್ಯದ ಕೊನೆಯಲ್ಲಿ, ಹಿಂದೆ ಮಣ್ಣಿನಲ್ಲಿ ಗೆರೆ ಎಳೀತಾ ಕೂರ್ತಿದ್ದ ಆ ಹುಡುಗ ರೇಡ್‌ಗೆ ಹೋದ. ಡಿಫೆಂಡರ್ ಮೇಲೆ ಹಾರಿದ. ನಾನು ಕಣ್ಣು ಮುಚ್ಕೊಂಡೆ. ತೆರೆದಾಗ ಅವನು ಮೊಣಕಾಲು ಬಗ್ಗಿಸಿ ಇಳಿದು, ಭುಜದ ಮೇಲೆ ಉರುಳಿ, ಗೆರೆ ಮುಟ್ಟಿ ಎದ್ದು ನಿಂತಿದ್ದ. ಒಂದು ಅಂಕ. ಬಟ್ಟೆಯ ಮಣ್ಣು ಕೊಡವಿಕೊಂಡು ನನ್ನ ಕಡೆ ನೋಡಿದ.

ನಿಮ್ಮೂರಿನ ಮೈದಾನದಲ್ಲಿ ನಾಳೆ ಸಂಜೆ ಒಂದು ಚೌಕ ಎಳೆದು ನೋಡಿ. ಹೇಗಾಯ್ತು ಅಂತ ವಾಯ್ಸ್ ನೋಟ್ ಕಳಿಸಿ, ಚೆನ್ನಾಗಿರೋದನ್ನ ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಮೆತ್ತಗೆ ಇಳೀರಿ, ನೀರು ಕುಡೀರಿ. ಸಿಗೋಣ.